ಹದ ಬಂದ ಮೇಲೆ ತಪ್ಪಲು

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ರಸ್ತೆಯೆಂದರೆ ಒಂದು ಜಾತ್ರೆ. ಸೂರ್ಯೋದಯಕ್ಕೆ ಓಡುವ ಕಾರುಗಳು, ಅವುಗಳ ಹೊಗೆ ಕುಡಿಯುತ್ತ ತಿರುವು ತಿರುವಿಗೂ ಏದುಸಿರು ಬಿಡುವ ರೋಡ್ ಸೈಕಲ್ಲುಗಳು, ಅಂಚಿನಲ್ಲಿ ಜೋಳ ಸುಡುವವರು. 1,478 ಮೀಟರ್ ಎತ್ತರದ ನೆತ್ತಿ ಮುಟ್ಟಿ ಫೋಟೊ ತೆಗೆಸಿಕೊಂಡು ಇಳಿಯುವುದು ಸಣ್ಣ ಸಾಧನೆಯಲ್ಲ, ಒಪ್ಪೋಣ. ಆದರೆ ಆ ಸಾಲಿನಲ್ಲಿ ದಪ್ಪ ಟೈರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್, ಕಂಡರೆ ಮಾತ್ರ ನನಗೆ ಕರುಳು ಚುರುಕ್ ಎನ್ನುತ್ತದೆ. ಡಾಂಬರಿನ ಮೇಲೆ ಗುಂಯ್‌ಗುಟ್ಟುತ್ತ ಹೋಗುವುದಕ್ಕಾಗಿ ಆ ಟೈರು ಹುಟ್ಟಲಿಲ್ಲ. ಅದರ ಕೆಲಸ ಇರುವುದು ಕೆಳಗೆ, ತಪ್ಪಲಿನಲ್ಲಿ.

ನಂದಿಯ ತಪ್ಪಲು ಸುಮಾರು 900 ಮೀಟರ್ ಎತ್ತರದ ಬಯಲಿನಿಂದ ಶುರುವಾಗುತ್ತದೆ. ನಂದಿ ಗ್ರಾಮದಲ್ಲಿ, ಒಂಬತ್ತನೇ ಶತಮಾನದಷ್ಟು ಹಳೆಯ ಭೋಗನಂದೀಶ್ವರನ ಗುಡಿಯ ಆಸುಪಾಸಿನಲ್ಲಿ ಗಾಡಿ ನಿಲ್ಲಿಸಿ ಸೈಕಲ್ ಇಳಿಸಿದರೆ ಮೊದಲು ಸಿಗುವುದು ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟಗಳ ನಡುವಿನ ಬಂಡಿಜಾಡು. ಅದು ಗೋಮಾಳಕ್ಕೆ ಬಂದು ಕವಲೊಡೆದು ಕಾಲುದಾರಿಯಾಗುತ್ತದೆ. ಅಲ್ಲಿಂದಾಚೆ ಹ್ಯಾಂಡಲಿನಷ್ಟೇ ಅಗಲ. ಬಲಕ್ಕೆ ಬೇಲಿ, ಎಡಕ್ಕೆ ಬಂಡೆ.

ಈ ಕಾಲುದಾರಿಗಳ ಇಂಜಿನಿಯರುಗಳು ಯಾರು ಎಂದರೆ ದನ, ಕುರಿ, ಮೇಕೆಗಳು. ಭಾರ ಹೊತ್ತ ದನ ಏರನ್ನು ನೇರವಾಗಿ ಹತ್ತುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ನಡೆದು, ತಿರುಗಿ, ಮತ್ತೆ ಅಡ್ಡಲಾಗಿ ನಡೆಯುತ್ತದೆ. ನೇರ ಇಳಿಯುವುದು ನೀರು ಮಾತ್ರ. ಹೊಸಬರು ತಪ್ಪಲಿಗೆ ಬಂದರೆ ನಾನು ಮೊದಲು ಹೇಳುವ ಮಾತು ಇದು: ನೆಟ್ಟಗೆ ಕಾಣುವ ಜಾಡು ನಿಮ್ಮದಲ್ಲ, ಮಳೆಯದು, ಅದು ಕೊರಕಲು. ಸೊಟ್ಟಗಿರುವುದನ್ನು ಹಿಡಿಯಿರಿ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ನಂದಿದುರ್ಗಕ್ಕೆ ಮುತ್ತಿಗೆ ಹಾಕಿದಾಗ ಫಿರಂಗಿಗಳನ್ನು ಮೇಲೆಳೆಯಲು ಇದೇ ಬೆಟ್ಟದ ಮೈಯಲ್ಲಿ ದಾರಿ ಕಡಿಯುವುದರಲ್ಲೇ ಸುಸ್ತಾಗಿತ್ತು. ಮೇಕೆಗೆ ಅಂಥ ತೊಂದರೆ ಎಂದೂ ಬಂದಿಲ್ಲ.

ದಾರಿ ಸಿಕ್ಕಿತು ಎಂದುಕೊಳ್ಳೋಣ. ಈಗ ಮಣ್ಣು. ಎಂಟಿಬಿ ಅಂಗಡಿಗೆ ಹೋದರೆ ಫೋರ್ಕು ಎಷ್ಟು ಮಿಲಿಮೀಟರ್ ಕುಣಿಯುತ್ತದೆ, ಹಿಂದಿನ ಗೇರು ಎಷ್ಟು ಹಲ್ಲಿನದು ಎಂಬ ಮಾತೇ ಗಂಟೆಗಟ್ಟಲೆ ನಡೆಯುತ್ತದೆ. ಓಡಿಸುವ ನೆಲದ ಬಗ್ಗೆ ಒಂದು ಪ್ರಶ್ನೆಯೂ ಬರುವುದಿಲ್ಲ. ನನ್ನ ಹಟ ಇಷ್ಟೇ: ಈ ತಪ್ಪಲಿನಲ್ಲಿ ಸವಾರಿಯ ರುಚಿಯನ್ನು ಮುಕ್ಕಾಲು ಪಾಲು ತೀರ್ಮಾನಿಸುವುದು ಸೈಕಲ್ ಅಲ್ಲ, ನೀವು ಹೋದ ದಿನ. 120 ಮಿಲಿಮೀಟರ್ ಫೋರ್ಕಿನ, ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್ ಇಲ್ಲಿಗೆ ಧಾರಾಳವಾಯಿತು. ಮಣ್ಣಿಗೆ ಹದ ಇರಬೇಕು.

ಬುಡದಲ್ಲಿರುವುದು ಕೆಮ್ಮಣ್ಣು. ಜೋರು ಮಳೆಯ ಮರುದಿನ ಅದರೊಳಗೆ ಚಕ್ರ ಇಳಿದರೆ ಮಣ್ಣು ಟೈರಿಗೆ ಸುತ್ತಿ, ಫೋರ್ಕಿನ ಸಂದಿಯಲ್ಲಿ ಕಚ್ಚಿ, ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ಸ್ವಲ್ಪ ಮೇಲೆ ಹೋದರೆ ಗರಸು. ಬೆಟ್ಟದ ಗ್ರಾನೈಟು ಬಿಸಿಲು ಮಳೆಗೆ ಸವೆದು ಉದುರಿದ ಕಾಳು ಕಾಳು ಮರಳು ಅದು. ಮಾರ್ಚ್, ಏಪ್ರಿಲ್‌ನಲ್ಲಿ ಅದು ಗಟ್ಟಿ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಕೂತಿರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಕೇಳದೆಯೇ ಹೊರಟುಹೋಗುತ್ತದೆ. ಅದೇ ಗರಸಿನ ಕಾಳುಗಳ ನಡುವೆ ಒಂದಿಷ್ಟು ತೇವ ಸೇರಿದರೆ ನೀರಿನ ತೆಳು ಪೊರೆ ಅವನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಆಗ ಟೈರಿನ ಗುಬ್ಬಿಗಳು ನೆಲಕ್ಕೆ ಕಚ್ಚುವ ಚರ್ರ್ ಎಂಬ ಸದ್ದಿಗೇ ಒಂದು ಸೊಗಸು. ತಿರುವಿನಲ್ಲಿ ಸೈಕಲ್ಲನ್ನು ಎಷ್ಟು ಬಾಗಿಸಿದರೂ ನೆಲ ಕೈ ಬಿಡುವುದಿಲ್ಲ.

ಇನ್ನೂ ಮೇಲೆ ಹಾಸುಬಂಡೆ. ಒಣಗಿದಾಗ ಇದಕ್ಕಿಂತ ನಂಬಿಕಸ್ಥ ನೆಲ ಬೇರೆ ಇಲ್ಲ. ನಿಂತು ನೋಡಿದರೆ ಎದೆ ನಡುಗಿಸುವ ಇಳಿಜಾರಲ್ಲೂ ರಬ್ಬರು ಹಿಡಿದುಕೊಳ್ಳುತ್ತದೆ. ಆದರೆ ನೀರು ಜಿನುಗುವ ಕಡೆ ಕಪ್ಪು ಪಟ್ಟೆ ಕಂಡರೆ ಅದು ಪಾಚಿ. ಮಳೆಗಾಲದಲ್ಲಿ ಅದರ ಮೇಲೆ ಬ್ರೇಕ್ ಮುಟ್ಟಬೇಡಿ, ತಿರುಗಿಸಬೇಡಿ, ನೆಟ್ಟಗೆ ದಾಟಿ. ನಡುನಡುವೆ ನೀಲಗಿರಿ ತೋಪು. ಈ ಮರವನ್ನು ಭಾರತದಲ್ಲಿ ಮೊದಲು, 1790ರ ಸುಮಾರಿಗೆ, ಟಿಪ್ಪು ಇದೇ ನಂದಿ ಬೆಟ್ಟದ ತೋಟದಲ್ಲಿ ನೆಡಿಸಿದ ಎನ್ನುತ್ತದೆ ಅರಣ್ಯದ ಇತಿಹಾಸ. ಆಮೇಲೆ ಇಡೀ ಬಯಲುಸೀಮೆಗೆ ಹಬ್ಬಿದ ಅದನ್ನು ಹೊಸದಾಗಿ ನೆಡಬಾರದೆಂದು ಸರ್ಕಾರವೇ 2017ರಲ್ಲಿ ನಿಷೇಧ ಹಾಕಬೇಕಾಯಿತು. ಅಂತರ್ಜಲದ ತಕರಾರು ರೈತರದು. ಸವಾರನ ತಕರಾರು ಅದರ ಒಣ ಎಲೆ: ಜಾರುತ್ತದೆ, ಅಡಿಯಲ್ಲಿ ಬೇರು ಕಲ್ಲುಗಳನ್ನು ಬಚ್ಚಿಡುತ್ತದೆ.

ಹಾಗಾದರೆ ಹದ ಯಾವಾಗ? ಪಂಚಾಂಗ ತೆಗೆಯಿರಿ. ಸೆಪ್ಟೆಂಬರ್ ಕೊನೆಗೆ ಹಸ್ತ ಕೂಡುತ್ತದೆ, ಅಕ್ಟೋಬರ್ ನಡುವಿಗೆ ಚಿತ್ತ, ಹಿಂದೆಯೇ ಸ್ವಾತಿ. ಈ ಮಳೆಗಳು ಸಂಜೆ ಸುರಿದು ಬೆಳಿಗ್ಗೆಗೆ ಬಿಡುವು ಕೊಡುವುದುಂಟು. ಒಂದು ಒಳ್ಳೆಯ ಮಳೆ ಬಿದ್ದು ಎರಡು ಬಿಸಿಲು ಕಳೆದ ಬೆಳಿಗ್ಗೆ ತಪ್ಪಲಿನ ಮೇಲ್ಭಾಗ ಅತ್ಯುತ್ತಮ. ಪರೀಕ್ಷೆ ರೈತರದ್ದೇ: ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಸವಾರಿ. ಚಪ್ಪಟೆಯಾಗಿ ಅಂಟಿ ಕೂತರೆ ವಾಪಸ್ಸು. ಉಂಡೆಯೇ ಕಟ್ಟದಿದ್ದರೆ ಧೂಳು ಕುಡಿಯಲು ಸಿದ್ಧರಾಗಿ. ಹೊಲದ ಬದುವಿನಲ್ಲಿ ಯಾರಾದರೂ ಕಂಡರೆ ಕೇಳುವುದು ಇನ್ನೂ ಸುಲಭ. "ಇನ್ನೂ ಹಸಿ ಐತೆ ಸಾರ್, ನಾಳಿದ್ದು ಬನ್ನಿ" ಎಂದರೆ ವಾದ ಮಾಡಬೇಡಿ. ನೇಗಿಲು ಇಳಿಯದ ನೆಲಕ್ಕೆ ಚಕ್ರವೂ ಇಳಿಯಬಾರದು.

ಗಾಳಿಯ ಮಾತೂ ಇದಕ್ಕೆ ಸೇರಿದ್ದೇ. ರೋಡ್ ಸೈಕಲ್ಲಿನಂತೆ ಟೈರನ್ನು ಕಲ್ಲಾಗಿಸಿ ಬಂದವರು ಗರಸಿನ ಮೇಲೆ ಪುಟಿಯುತ್ತಾರೆ. ಎಪ್ಪತ್ತು ಕಿಲೊ ತೂಕದವರು 2.3 ಇಂಚಿನ ಟ್ಯೂಬ್‌ಲೆಸ್ ಟೈರಿಗೆ 22ರಿಂದ 25 ಪಿಎಸ್‌ಐ ಇಟ್ಟು ಶುರುಮಾಡಲಿ. ಮುಂದಿನದಕ್ಕೆ ಹಿಂದಿನದಕ್ಕಿಂತ ಒಂದೆರಡು ಕಡಿಮೆ. ಟ್ಯೂಬ್‌ಲೆಸ್ ಏಕೆಂದರೆ ಇದು ಜಾಲಿಮುಳ್ಳಿನ ಸೀಮೆ. ಟೈರಿನೊಳಗಿನ ಸೀಲಂಟ್ ದ್ರವ ತೂತನ್ನು ಓಡುತ್ತಿರುವಾಗಲೇ ಮುಚ್ಚುತ್ತದೆ. ಟ್ಯೂಬು ಹಾಕಿ ಬಂದವರು ಬೇಲಿಯ ಪಕ್ಕ ಕೂತು ಪಂಕ್ಚರ್ ಹಾಕುತ್ತಿರುತ್ತಾರೆ.

ಇಳಿಯುವಾಗ ಎಲ್ಲ ವಿದ್ಯೆಯೂ ಬ್ರೇಕಿನಲ್ಲಿದೆ. ಈ ಕ್ರೀಡೆ ಬೆಳೆದದ್ದೇ ಬ್ರೇಕಿನ ಕಷ್ಟದಿಂದ. 1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮೆರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೆಯ ಗಟ್ಟಿ ಸೈಕಲ್ಲುಗಳಲ್ಲಿ ಗುಡ್ಡದ ಮಣ್ಣುದಾರಿ ಇಳಿಯುವ ಪಂದ್ಯ ಕಟ್ಟಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಬುಡ ತಲುಪುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಅದೇ ಆಟ ಒಲಿಂಪಿಕ್ಸ್ ಸೇರಿತು. ಇಂದಿನ ಹೈಡ್ರಾಲಿಕ್ ಡಿಸ್ಕಿಗೆ ಒಂದು ಬೆರಳು ಸಾಕು, ತೊಂದರೆ ತಿರುವುಮುರುವಾಗಿದೆ: ಸ್ವಲ್ಪ ಜಾಸ್ತಿ ಅದುಮಿದರೆ ಹಿಂದಿನ ಚಕ್ರ ಕಟ್ಟಿಕೊಂಡು ನೆಲವನ್ನು ಗೀರುತ್ತ ಜಾರುತ್ತದೆ. ನೋಡುವವರಿಗೆ ಅದು ಶೂರತನ. ಆದರೆ ಆ ಗೀರು ಮುಂದಿನ ಮಳೆಗೆ ಕಾಲುವೆ, ಅದರ ಮುಂದಿನದಕ್ಕೆ ಕೊರಕಲು. ಅರ್ಕಾವತಿ, ಪಾಲಾರ್, ಪೆನ್ನಾರ್‌ಗಳು ಹುಟ್ಟುವುದು ಈ ಬೆಟ್ಟಸಾಲಿನ ಸುತ್ತಮುತ್ತಲೇ. ಇಲ್ಲಿ ಕೊಚ್ಚಿಹೋದ ಮಣ್ಣು ಕೂರುವುದು ಕೆಳಗಿನ ಕೆರೆಗಳಲ್ಲಿ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಲಿವರ್ ಬಿಡಿ. ಪೆಡಲುಗಳು ಸಮವಾಗಿರಲಿ, ಸೊಂಟ ತಗ್ಗಿರಲಿ, ಕಣ್ಣು ಎದುರಿನ ಕಲ್ಲಿನ ಮೇಲಲ್ಲ, ಅದರಾಚೆಯ ಖಾಲಿ ಜಾಗದ ಮೇಲಿರಲಿ. ನುರಿತವರು ಹಾದುಹೋದ ಮೇಲೆ ದಾರಿಯಲ್ಲಿ ಟೈರಿನ ಅಚ್ಚು ಉಳಿಯುತ್ತದೆ, ಗೀರು ಉಳಿಯುವುದಿಲ್ಲ.

ಈ ದಾರಿ ನಮಗಾಗಿ ಆದದ್ದಲ್ಲವಾದ್ದರಿಂದ ಕೆಲವು ಮರ್ಯಾದೆಗಳಿವೆ. ಕುರಿಮಂದೆ ಎದುರಾದರೆ ಇಳಿದು, ಸೈಕಲ್ಲನ್ನು ಇಳಿಜಾರಿನ ಕೆಳಬದಿಗೆ ಒತ್ತರಿಸಿ ನಿಲ್ಲಿ. ಬೆಲ್ಲು ಬಾರಿಸಿದರೆ ಮಂದೆ ಚೆದುರಿ ಕಾಯುವವರ ಅರ್ಧ ಬೆಳಗು ಹಾಳು. "ರೋಡು ಆ ಕಡೆ ಐತೆ ಸಾರ್!" ಎಂದು ಅವರು ಕನಿಕರದಿಂದ ಹೇಳಿದರೆ ನಕ್ಕು ಮುಂದೆ ಹೋಗಿ. ದಾರಿಗಡ್ಡ ಮುಳ್ಳುಕಂಟಿ ಇಟ್ಟಿದ್ದರೆ ಸರಿಸಿ ದಾಟಿದ ಮೇಲೆ ಇದ್ದ ಹಾಗೇ ಇಡಿ. ಅರಣ್ಯ ಇಲಾಖೆಯ ಗಡಿ ಶುರುವಾಗುವಲ್ಲಿ ಅನುಮತಿ ಇಲ್ಲದೆ ಚಕ್ರ ಇಡಬೇಡಿ. ಚಿರತೆಯಿರುವ ಬೆಟ್ಟ ಇದು, ನಸುಗತ್ತಲು ಅದರ ಹೊತ್ತು. ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿಯ ಮನೆಯೂ ಇಲ್ಲಿನ ಬಂಡೆ, ಕುರುಚಲುಗಳೇ. ಅದನ್ನು ಹುಡುಕಿಕೊಂಡು ದೂರದೂರಿಂದ ಬಂದು ದುರ್ಬೀನು ಹಿಡಿದು ಕೂತವರ ಪಕ್ಕ ಗಿಯರ್ ಕಟಕಟಿಸಬೇಡಿ.

ಕೊನೆಗೆ ಖರ್ಚಿನ ಮಾತು, ಓದುಗರು ಹೆಚ್ಚು ಕೇಳುವುದು ಅದನ್ನೇ. ಎರಡು ಲಕ್ಷದ ಸೈಕಲ್ ಕೊಂಡು ಮೇ ತಿಂಗಳಲ್ಲಿ ಗರಸಿನ ಮೇಲೆ ಜಾರುವವರಿಗಿಂತ, ಹಳೆಯ ಹಾರ್ಡ್‌ಟೇಲಿನಲ್ಲಿ ಚಿತ್ತ ಮಳೆಯ ಮೂರನೇ ಬೆಳಿಗ್ಗೆ ಬರುವವರು ಈ ತಪ್ಪಲನ್ನು ಚೆನ್ನಾಗಿ ಸವಿಯುತ್ತಾರೆ. ದುಡ್ಡು ಮಿಕ್ಕಿದ್ದರೆ ಒಳ್ಳೆಯ ಟೈರಿಗೆ ಹಾಕಿ, ಆಮೇಲೆ ಹೆಲ್ಮೆಟ್ಟಿಗೆ, ಮಂಡಿಯ ಪ್ಯಾಡಿಗೆ. ವಾರದ ರಜೆಯನ್ನು ಮಾತ್ರ ಭಾನುವಾರಕ್ಕೇ ಗಂಟು ಹಾಕಬೇಡಿ. ಮಳೆ ಸೋಮವಾರ ಬಿದ್ದರೆ ಹದ ಬರುವುದು ಗುರುವಾರ. ಸಾಹೇಬರಿಗೆ ಏನು ಕಾರಣ ಹೇಳಬೇಕೆಂಬುದನ್ನು ಈಗಲೇ ಯೋಚಿಸಿಡಿ.