ಪ್ರಾರ್ಥನೆಯ ಸರ್ವನಾಮಗಳು: ಮಿಷನರಿ ಕನ್ನಡವನ್ನು ಕುರಿತು ಒಂದು ವಿಚಾರ

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದ ವಿದ್ವಾಂಸರು ಕ್ರೈಸ್ತ ಮಿಷನರಿಗಳ ಋಣವನ್ನು ಉದಾರವಾಗಿಯೇ ಒಪ್ಪಿಕೊಂಡಿದ್ದಾರೆ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟ್ಟೆಲ್ಲರ ನಿಘಂಟು, ಪ್ರಾಚೀನ ಕಾವ್ಯಗಳ ಮುದ್ರಣ, ಇವನ್ನು ಹೇಳದೆ ಹತ್ತೊಂಬತ್ತನೆಯ ಶತಮಾನದ ಅಧ್ಯಾಯವು ಪೂರ್ಣವಾಗದು. ಆದರೆ ಈ ಮಹನೀಯರು ನಿಘಂಟನ್ನು ರಚಿಸಬೇಕೆಂದು ಕಡಲು ದಾಟಿ ಬಂದವರಲ್ಲ. ಅವರು ಬಂದದ್ದು ತಮ್ಮ ಧರ್ಮವನ್ನು ಸಾರುವುದಕ್ಕೆ. ಈ ನಾಡಿನ ಮನೆಗಳಲ್ಲಿ, ಈ ನಾಡಿನ ಜನರೊಡನೆ ಕುಳಿತು ಪ್ರಾರ್ಥಿಸುವುದಕ್ಕೆ. ಆ ಪ್ರಾರ್ಥನೆಯ ಕನ್ನಡವು ಎಂತಹುದು, ಅದು ಯಾರ ಬಾಯಿಯ ಮಾತು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆಯು ಕೇಳಿರುವುದು ವಿರಳ. ಅವರ ಉಪಕರಣಗಳನ್ನು ಹೊಗಳಿ, ಅವರ ಉದ್ದೇಶವನ್ನು ಮೌನವಾಗಿ ಬದಿಗಿಟ್ಟಿದ್ದೇವೆ.

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪ್ರಶ್ನೆಯು ದೂರದ್ದೆಂದು ತೋರಬೇಕಾಗಿಲ್ಲ. 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವು. ಬೀದರದ ಸೀಮೆಯಲ್ಲಿ ಮೆಥಡಿಸ್ಟ್ ಪಂಥದವರು ಹಳ್ಳಿಹಳ್ಳಿಗಳಲ್ಲಿ ಕೆಲಸ ಮಾಡಿದರು. ಆ ಜಿಲ್ಲೆಗೇ ಸೇರಿದ್ದ ಜಹೀರಾಬಾದಿನ ಕಡೆ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಇತ್ತ ಬಳ್ಳಾರಿಯೂ ಅಂತಹುದೇ ಗಡಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿದರು; ಅವರ ಪರಿಶ್ರಮದಿಂದ 1831ರ ವೇಳೆಗೆ ಸಮಗ್ರ ಬೈಬಲ್ ಕನ್ನಡದಲ್ಲಿ ಮುದ್ರಿತವಾಯಿತು. ಎರಡು ಭಾಷೆಗಳು ಕೂಡುವ ಇಂತಹ ಎಡೆಯಲ್ಲಿ ನಿಂತು ನೋಡಿದರೆ ಪ್ರಾರ್ಥನೆಯ ಮಾತಿನ ಮರ್ಮವೊಂದು ಸ್ಪಷ್ಟವಾಗುತ್ತದೆ.

ತೆಲುಗಿನಲ್ಲಿ ಉತ್ತಮಪುರುಷ ಬಹುವಚನಕ್ಕೆ ಎರಡು ರೂಪಗಳುಂಟು. ಕೇಳುವವನನ್ನೂ ಕೂಡಿಸಿಕೊಂಡು ಹೇಳುವಾಗ ‘ಮನಮು’; ಅವನನ್ನು ಬಿಟ್ಟು ಹೇಳುವಾಗ ‘ಮೇಮು’. ಮನೆಯವರನ್ನು ಪ್ರಾರ್ಥನೆಗೆ ಕರೆಯುವ ಬೋಧಕನು ‘ಮನಮು’ ಎನ್ನಬೇಕು. ದೇವರ ಕಡೆಗೆ ತಿರುಗಿದೊಡನೆ ‘ಮೇಮು’ ಎನ್ನಬೇಕು. ದೇವರನ್ನು ಪಾಪಿಗಳ ಲೆಕ್ಕದಲ್ಲಿ ಸೇರಿಸಲಾಗದಷ್ಟೆ! ಹೀಗೆ ಮುಖವು ಮನುಷ್ಯರಿಂದ ದೇವರತ್ತ ತಿರುಗಿತೆಂಬುದನ್ನು ವ್ಯಾಕರಣವೇ ಸಾರಿ ಹೇಳುತ್ತದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ‘ನಾವು ಪಾಪಿಗಳು’ ಎಂಬ ಮಾತು ದೇವರಲ್ಲಿ ಮಾಡಿದ ನಿವೇದನೆಯೋ, ಎದುರು ಕುಳಿತವರಿಗೆ ಮಾಡಿದ ಬೋಧೆಯೋ ಸರ್ವನಾಮದಿಂದ ತಿಳಿಯದು. ಮಿಷನರಿ ಪ್ರಾರ್ಥನೆಯ ಸಾಮಾನ್ಯ ದೋಷವು ಇಲ್ಲಿಯೇ ಅವಕಾಶವನ್ನು ಪಡೆಯುತ್ತದೆ. ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳುತ್ತಿರುವಂತೆ ಮನೆಯವರಿಗೆ ಉಪದೇಶಿಸುವುದು ಸುಲಭ. ಕೇಳುವವರು ಪ್ರತಿ ಹೇಳುವಂತಿಲ್ಲ. ಬಡವನ ಮನೆಗೆ ಬಂದ ಅತಿಥಿಯು ಆ ಬಡವನ ಮಗನು ಓದುವ ಶಾಲೆಯ ಒಡೆಯನೂ ಆಗಿದ್ದರೆ ‘ಆಮೆನ್’ ಎನ್ನದೆ ಇರುವುದು ಇನ್ನೂ ಕಠಿನ. ಈ ಅಸಮತೆಯನ್ನು ಮರೆತು ಭಕ್ತಿಯನ್ನಷ್ಟೇ ಕೊಂಡಾಡುವುದು ವಿಮರ್ಶೆಯ ಲಕ್ಷಣವಲ್ಲ.

ಎರಡನೆಯ ಸರ್ವನಾಮ ‘ನೀನು’. ಇದರಲ್ಲಿ ಮಿಷನರಿಗಳಿಗೆ ಕನ್ನಡವೇ ನೆರವಾಯಿತು. ವಚನಕಾರರೂ ಹರಿದಾಸರೂ ದೇವರನ್ನು ಏಕವಚನದಲ್ಲಿಯೇ ಕರೆದವರು. ಜರ್ಮನ್ ಭಕ್ತನೂ ತನ್ನ ದೇವರನ್ನು ಹಾಗೆಯೇ ಕರೆಯುತ್ತಾನೆ. ಹಳೆಯ ಕನ್ನಡ ಬೈಬಲ್ಲಿನಲ್ಲಿ ‘ದೇವರು’ ಎಂಬ ಗೌರವ ಬಹುವಚನದ ಕರ್ತೃಪದಕ್ಕೆ ಏಕವಚನದ ಕ್ರಿಯಾಪದವು ಹತ್ತಿರುವುದನ್ನು ವಾಚಕರು ಗಮನಿಸಿರಬಹುದು. ವೈಯಾಕರಣನಿಗೆ ಇದು ಅಸಂಗತವಾಗಿ ತೋರೀತು. ಆದರೆ ಗೌರವವನ್ನು ನಾಮಪದದಲ್ಲಿಯೂ ಏಕತ್ವವನ್ನು ಕ್ರಿಯಾಪದದಲ್ಲಿಯೂ ಇಟ್ಟು ಎರಡನ್ನೂ ಉಳಿಸಿಕೊಂಡ ಈ ಪ್ರಯೋಗವು ಭಾಷಾಂತರದ ಒಂದು ಜಾಣ ಪರಿಹಾರವೆಂದೇ ನಾವು ಭಾವಿಸುತ್ತೇವೆ.

‘ನೀನು’ ಎಂಬ ಸಲಿಗೆಯು ದೊರೆತರೂ ಆ ಸಲಿಗೆಗೆ ತಕ್ಕ ಧೈರ್ಯವು ಮಿಷನರಿ ಪ್ರಾರ್ಥನೆಗೆ ದೊರೆಯಲಿಲ್ಲ. ನಮ್ಮ ದಾಸರು ದೇವರೊಡನೆ ಜಗಳವಾಡುತ್ತಾರೆ, ಅವನನ್ನು ಮೂದಲಿಸುತ್ತಾರೆ. ನಿಂದಾಸ್ತುತಿಯೆಂಬ ಒಂದು ಪ್ರಕಾರವೇ ನಮ್ಮಲ್ಲಿದೆ. ಹೀಬ್ರೂ ಕೀರ್ತನಕಾರರೂ ದೇವರ ಮೌನವನ್ನು ಆಕ್ಷೇಪಿಸಿದವರೇ. ಮೋಗ್ಲಿಂಗರು 1850ರಲ್ಲಿಯೇ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಅವುಗಳ ಧಾಟಿಯು ಅವರಿಗೆ ಅಪರಿಚಿತವಲ್ಲ. ಆದರೂ ಸಭೆಯ ಪ್ರಾರ್ಥನೆಯಲ್ಲಿ ಬೇರೂರಿದ್ದು ‘ದಯಪಾಲಿಸು’, ‘ಅನುಗ್ರಹಿಸು’ ಎಂಬ ಬಿನ್ನವತ್ತಳೆಯ ಶೈಲಿ. ಪಾಠದಲ್ಲಿ ಓದಿಸಿದ ಕೀರ್ತನೆಗಳ ಅಳಲು ಮನೆಯ ಪ್ರಾರ್ಥನೆಯ ನಾಲಗೆಗೆ ಅಷ್ಟಾಗಿ ಇಳಿಯಲಿಲ್ಲ.

ಹಾಡಿನ ಸ್ಥಿತಿಯೂ ಇದೇ. ಕಿಟ್ಟೆಲ್ಲರು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವರೂ ಅವರೇ. ಆದರೆ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಹಾಡಿದ ಗೀತೆಗಳಲ್ಲಿ ಬಹಳಷ್ಟು ಜರ್ಮನ್ ರಾಗಗಳಿಗೆ ಹೊಂದಿಸಿದವು. ಕನ್ನಡದ ಪದ್ಯವು ಲಘುಗುರುಗಳ ಲೆಕ್ಕದಿಂದ ನಡೆಯುವುದು; ಆ ರಾಗಗಳು ಅಕ್ಷರಕ್ಕೊಂದು ಸಮವಾದ ಪೆಟ್ಟನ್ನು ಬೇಡುವುವು. ‘ಕರುಣೆ’ ಎಂಬ ಮೂರು ಲಘುಗಳ ಪದವನ್ನು ಹಾಗೆ ಎಳೆದು ಹಾಡಿದರೆ ಮೂರೂ ಗುರುಗಳಾಗಿ ಪದದ ಆಕಾರವೇ ಕೆಡುತ್ತದೆ. ಕಥೆಗೆ ದೇಶೀಯವಾದ ಉಡುಗೆ, ಪ್ರಾರ್ಥನೆಗೆ ಪರದೇಶದ ಉಡುಗೆ ಎಂಬಂತಾಯಿತು.

ಸಾಹಿತ್ಯದ ಅಳತೆಗೋಲಿನಿಂದ ಪ್ರಾರ್ಥನೆಯನ್ನು ಅಳೆಯಬಹುದೆ ಎಂದು ಕೆಲವರು ಆಕ್ಷೇಪಿಸಬಹುದು. ಅಂತಹವರು ವಚನಗಳನ್ನು ನೆನೆಯಬೇಕು. ಅವೂ ಪ್ರಾರ್ಥನೆಗಳೇ; ಅವುಗಳ ಭಾಷೆಯನ್ನು ನಾವು ವಿಮರ್ಶಿಸುತ್ತಿಲ್ಲವೆ?

ಇನ್ನು ‘ಮೇಮು’ ಎಂಬ ತೆಲುಗಿನ ರೂಪವೂ ಹೇಳದೆ ಉಳಿಸುವ ಒಂದು ವಿಷಯವುಂಟು. ಅದು ದೇವರನ್ನು ಹೊರಗಿಡುತ್ತದೆ, ಸರಿ. ಆದರೆ ಮನೆಯವರನ್ನು ಒಳಗೆ ಸೇರಿಸಿದೆಯೆ, ಇಲ್ಲವೆ? ಪ್ರಾರ್ಥಿಸುವ ಪರದೇಶಿಯ ‘ನಾವು’ ಅವನ ಮಂಡಳಿಯೊ, ಆ ಕುಟುಂಬವೂ ಸೇರಿದ ಬಳಗವೊ? ಇದನ್ನು ಯಾವ ವ್ಯಾಕರಣವೂ ನಿರ್ಣಯಿಸಲಾರದು, ಬಾಳ್ವೆಯೇ ನಿರ್ಣಯಿಸಬೇಕು. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದರು. ಅವರು 1846ರಲ್ಲಿ ಮೋಗ್ಲಿಂಗರ ಜೊತೆಯಲ್ಲಿ ಬಾಸೆಲಿಗೆ ಹೋಗಿ, ಅಲ್ಲಿ ಅಭ್ಯಾಸವನ್ನು ಮುಗಿಸಿ 1851ರಲ್ಲಿ ಹಿಂದಿರುಗಿದರು. ಅಲ್ಲಿ ಅನ್ಯರ ಭಾಷೆಯಲ್ಲಿ ‘ನಾವು’ ಎನ್ನುವ ಸರದಿಯು ಕನ್ನಡನಾಡಿನವನದಾಗಿತ್ತು. ಮುಂದೆ ಕೊಡಗಿನಲ್ಲಿ ಅವರ ಹೆಸರಿನ ಆನಂದಪುರದಲ್ಲಿ ಮೋಗ್ಲಿಂಗರೂ ಅವರೂ ಜೊತೆಯಾಗಿ ದುಡಿದರು. ಅಂತಹವರ ನಡುವೆ ‘ನಾವು’ ಎಂಬುದಕ್ಕೆ ವರ್ಷಗಳ ಆಧಾರವಿತ್ತು.

ಇಂದು ಹೈದರಾಬಾದಿನಂತಹ ನಗರಕ್ಕೆ ಕೆಲವು ದಿನಗಳ ಮಟ್ಟಿಗೆ ಬಂದು, ಮನೆಗಳನ್ನು ಹೊಕ್ಕು, ದುಭಾಷಿಯ ಮೂಲಕ ಪ್ರಾರ್ಥಿಸಿ ಹೋಗುವ ವಿದೇಶೀ ತಂಡಗಳಿಗೆ ಆ ಆಧಾರವಿಲ್ಲ. ಅವರ ಸದ್ಭಾವವನ್ನು ಶಂಕಿಸಬೇಕಾಗಿಲ್ಲ. ಆದರೆ ಅಲ್ಲಿ ನಿಜವಾಗಿ ಪ್ರಾರ್ಥಿಸುವವನು ದುಭಾಷಿ. ಇಂಗ್ಲಿಷಿನ ಸರ್ವನಾಮವೊಂದನ್ನು ಕೇಳಿ, ‘ಮನಮು’ ಎನ್ನಬೇಕೆ ‘ಮೇಮು’ ಎನ್ನಬೇಕೆ ಎಂದು ಕ್ಷಣದಲ್ಲಿ ನಿರ್ಧರಿಸುವವನು ಅವನು. ಆ ಮನೆಯ ಕಷ್ಟವನ್ನು ಬಲ್ಲವನೂ, ತಂಡವು ಹೋದ ಮೇಲೆ ಆ ಬೀದಿಯಲ್ಲಿ ಉಳಿಯುವವನೂ ಅವನೇ. ಮೋಗ್ಲಿಂಗ್ ಕಿಟ್ಟೆಲ್ಲರ ಕಾಲದಲ್ಲಿಯೂ ಅವರಿಗೆ ಕನ್ನಡವನ್ನು ಕಲಿಸಿದ, ಅವರ ವಾಕ್ಯಗಳನ್ನು ತಿದ್ದಿದ ಮುನ್ಷಿಗಳಿದ್ದರು. ಮಿಷನರಿ ಕನ್ನಡವನ್ನು ಕುರಿತ ಮುಂದಿನ ಸಂಶೋಧನೆಯು ಆ ಪಂಡಿತರ, ಉಪದೇಶಿಗಳ ಪಾಲನ್ನು ಹುಡುಕಿ ತೆಗೆಯುವ ಕಡೆಗೆ ತಿರುಗಬೇಕು. ಎರಡು ಭಾಷೆಗಳ ನಡುವೆ ಪ್ರತಿದಿನವೂ ಮನೆಮಾತನ್ನು ಕಾಯ್ದುಕೊಳ್ಳುವ ಹೊರನಾಡ ಕನ್ನಡಿಗರು ಈ ಕೆಲಸಕ್ಕೆ ಇತರರಿಗಿಂತ ಹೆಚ್ಚು ಸಿದ್ಧರಾಗಿದ್ದಾರೆ.