ಒಂದೂ ಗುಂಡಿಯಿಲ್ಲದೆ

ಕ್ಯೋಟೋದ ಹಿಗಾಶಿಯಾಮಾದಲ್ಲಿ ಹೆಜ್ಜೆಗೊಂದು ಕಿಮೋನೋ ಬಾಡಿಗೆ ಅಂಗಡಿ. ಬಣ್ಣ ಆರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಉಡಿಸುವ ಅಜ್ಜಿಗೆ ಹದಿನೈದೇ ನಿಮಿಷ. ಅಷ್ಟೂ ಹೊತ್ತು ನಾನು ನೋಡಿದ್ದು ಅವರ ಕೈಗಳನ್ನು.

ಮೊದಲು ಸೊಂಟಕ್ಕೆ ಟವೆಲ್ ಸುತ್ತಿದರು. ನಾವು ಸೊಂಟ ಕಾಣುವಂತೆ ಸೀರೆ ಬಿಗಿಯುತ್ತೇವೆ; ಇಲ್ಲಿ ಅದನ್ನು ಮುಚ್ಚಿ ದೇಹವನ್ನು ಕಂಬದಂತೆ ನೇರ ಮಾಡುತ್ತಾರೆ. ಬಳಿಕ ಕಿಮೋನೋದ ಬಲ ಅಂಚಿನ ಮೇಲೆ ಎಡ ಅಂಚು. ಅದಲುಬದಲಾದರೆ ಹೆಣಕ್ಕೆ ಉಡಿಸುವ ಕ್ರಮ! ಉದ್ದ ಹೆಚ್ಚಾದ ಬಟ್ಟೆಯನ್ನು ಸೊಂಟದ ಬಳಿ ಮಡಿಚಿ ಲಾಡಿಯಿಂದ ಕಟ್ಟಿದರು. 'ಒಹಶೋರಿ' ಎಂಬ ಈ ಮಡಿಕೆಯಿಂದಲೇ ಒಂದೇ ಕಿಮೋನೋ ಕುಳ್ಳಿಗೂ ಎತ್ತರದವಳಿಗೂ ಒಗ್ಗುತ್ತದೆ. ಹೊಲಿಗೆಯೂ ಅಂಥದ್ದೇ ಜಾಣತನದ್ದು. ಸುಮಾರು 37 ಸೆಂ.ಮೀ. ಅಗಲ, 12 ಮೀಟರ್ ಉದ್ದದ ಒಂದೇ ಥಾನನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಹೊಲಿಯುತ್ತಾರೆ. ಹಿಂದೆ ಒಗೆಯುವಾಗ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಜೋಡಿಸಿ ಮತ್ತೆ ಥಾನಿನ ರೂಪಕ್ಕೇ ತರುತ್ತಿದ್ದರು.

ಅಜ್ಜಿ ಕಾಲರನ್ನು ಬೆನ್ನ ಕಡೆಗೆ ಒಂದು ಮುಷ್ಟಿಯಷ್ಟು ಜಗ್ಗಿದರು. ಕತ್ತಿಗೆ ಗಾಳಿ ತಾಗಿತು. ನನ್ನ ಕಿಮೋನೋ ಪಾಲಿಯೆಸ್ಟರಿನದು, ಬಾಡಿಗೆಯದೆಂದರೆ ಸಾಮಾನ್ಯವಾಗಿ ಅಷ್ಟೇ. ನಡುಪಟ್ಟಿ ಓಬಿ ಮಾತ್ರ ಹಳೆಯ ರೇಷ್ಮೆ. ಅದನ್ನು ಎಳೆದು ಬಿಗಿದಾಗ ರೇಷ್ಮೆಯ ಮೇಲೆ ರೇಷ್ಮೆ ಉಜ್ಜಿ 'ಕುಯ್ಕ್' ಎಂದಿತು. ಈ ಸದ್ದಿಗೆ ಜಪಾನಿನಲ್ಲಿ 'ಕಿನುನಾರಿ' ಎಂಬ ಹೆಸರೇ ಇದೆ. ಎಷ್ಟು ಬಿಗಿಯಬೇಕೆಂದು ಅಜ್ಜಿಗೆ ಹೇಳಿದ್ದೂ ಬಹುಶಃ ಆ ಸದ್ದೇ. ಗುಂಡಿಯಿಲ್ಲ, ಪಿನ್ನಿಲ್ಲ.

ಬೆನ್ನ ಮೇಲಿನ ಗಂಟನ್ನು ಅವರು ಎರಡು ಸಲ ತಟ್ಟಿದರು. ನಿನೆನ್‌ಜಾಕಾ ಬೀದಿಯ ಕಲ್ಲುಮೆಟ್ಟಿಲು ಇಳಿಯುವಾಗ ಹೆಜ್ಜೆ ತಾನಾಗಿಯೇ ಗೇಣಿನಷ್ಟಾಯಿತು.