ಬೇಡಿ, ಬಾರದು, ಬಿದ್ದೀಯ: ಮೂಸುವ ಚಟದ ವಿರುದ್ಧದ ಸಂದೇಶಗಳ ಕ್ರಿಯಾರೂಪವನ್ನು ಕುರಿತು

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಯಾವುದೇ ಶಾಲೆಯ ಏಳನೆಯ ತರಗತಿಯ ಹುಡುಗನಿಗೆ ಮಾದಕ ವಸ್ತು ವಿರೋಧಿ ಸಂದೇಶ ತಲುಪುವ ದಾರಿಗಳು ಕೆಲವೇ: ಜೂನ್ 26ರ ಜಾಥಾ, ಆಗಸ್ಟ್ 1ರ ವ್ಯಸನಮುಕ್ತ ದಿನಾಚರಣೆ, ಪ್ರತಿಜ್ಞಾವಿಧಿ, ಗೋಡೆಬರಹ. ಈ ಪ್ರಕಾರದ ವಾಕ್ಯಗಳು ಬಹುಮಟ್ಟಿಗೆ ಮೂರು ಅಚ್ಚಿನವು: ‘ಸೇವಿಸಬೇಡಿ’, ‘ಸೇವಿಸಬಾರದು’, ‘ಸೇವನೆಯಿಂದ ಸಾವು ಖಚಿತ’. ಮೂಸುವ ಚಟದ ಮಟ್ಟಿಗೆ ಈ ಮೂರೂ ವಿಫಲವಾಗುತ್ತವೆ. ಅದಕ್ಕೆ ಕಾರಣವನ್ನು ಮಕ್ಕಳ ಹಠದಲ್ಲಿ ಹುಡುಕುವ ಮೊದಲು ವಾಕ್ಯಗಳ ವ್ಯಾಕರಣದಲ್ಲಿ ಹುಡುಕಬೇಕು ಎಂಬುದು ನಮ್ಮ ವಾದ.

ಈ ಚಟ ವಿಶೇಷವಾಗಿ ಮಕ್ಕಳದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಿಗಿಂತ 10ರಿಂದ 17 ವರ್ಷದವರಲ್ಲಿ ಬಳಕೆಯ ಪ್ರಮಾಣ ಹೆಚ್ಚಿರುವ ವಸ್ತುವರ್ಗ ಇದೊಂದೇ: ವಯಸ್ಕರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17. ಪಂಕ್ಚರ್ ಸೊಲ್ಯೂಷನ್, ಥಿನ್ನರ್, ವೈಟ್ನರ್ ಇವು 1985ರ ಮಾದಕ ವಸ್ತು ಕಾಯಿದೆಯ ಪಟ್ಟಿಯಲ್ಲಿಲ್ಲ; ಬಿ.ಎಚ್. ರಸ್ತೆಯ ಉದ್ದಕ್ಕೂ ಇರುವ ಅಂಗಡಿಗಳಲ್ಲಿ ಅವು ನಿತ್ಯದ ಸರಕು. ಕಾನೂನು ‘ಮಾದಕ’ ಎನ್ನದ, ಅಂಗಡಿಯವನೂ ಹಾಗೆನ್ನದ ವಸ್ತುವನ್ನು ಹುಡುಗನೊಬ್ಬನೇ ‘ಮಾದಕ ವಸ್ತು’ವಿನ ಅಡಿಯಲ್ಲಿ ಸೇರಿಸಿಕೊಂಡು ಓದಬೇಕೆಂದು ಫಲಕ ನಿರೀಕ್ಷಿಸುತ್ತದೆ.

‘ಸೇವಿಸು’ ಎಂಬ ಕ್ರಿಯಾಪದವೂ ಅವನಿಂದ ದೂರವೇ. ಆಹಾರ, ಔಷಧ, ಮದ್ಯ ಇವು ಸೇವನೆಯ ವಸ್ತುಗಳು. ಮೂಗಿನಿಂದ ಒಳಗೆ ಹೋಗುವಂಥದ್ದಕ್ಕೆ ಆ ಪದದಲ್ಲಿ ಎಡೆಯಿಲ್ಲವೆಂದಲ್ಲ, ‘ವಾಯುಸೇವನೆ’ ಇದೆ. ಆದರೆ ಅದು ಆರೋಗ್ಯಕ್ಕಾಗಿ ಸಂಜೆ ತಿರುಗಾಡುವುದು! ಹುಡುಗನ ಕ್ರಿಯಾಪದ ‘ಮೂಸು’. ಫಲಕಗಳು ಈ ಪದವನ್ನು ಬಳಸದಿರುವುದಕ್ಕೆ ಅದರ ಗ್ರಾಮ್ಯತೆಯೇ ಕಾರಣವೆಂದು ತೋರುತ್ತದೆ. ಹೆಸರಿಸಿದರೆ ಕಲಿಸಿದಂತಾಗುತ್ತದೆ ಎಂಬ ಆಕ್ಷೇಪ ಮಾತ್ರ ಗಂಭೀರವಾದದ್ದು. ಅಮೆರಿಕದಲ್ಲಿ ಈ ಕ್ಷೇತ್ರದ ಕಾರ್ಯಕರ್ತರು ಕಂಡುಕೊಂಡ ದಾರಿಯೆಂದರೆ, ಚಿಕ್ಕ ಮಕ್ಕಳೆದುರು ಇವನ್ನು ಅಮಲಿನ ಪದಾರ್ಥವೆನ್ನದೆ ವಿಷವೆನ್ನುವುದು. ಕನ್ನಡದಲ್ಲಿ ಈ ಆಯ್ಕೆಗೆ ಇನ್ನೂ ಹೆಚ್ಚಿನ ಬೆಲೆಯಿದೆ. ‘ಮತ್ತು’, ‘ಅಮಲು’, ‘ನಶೆ’ ಇವು ನಿಷೇಧದ ಜೊತೆಗೇ ಸುಖದ ಸುಳಿವನ್ನೂ ಕೊಡುತ್ತವೆ. ‘ವಿಷದ ಗಾಳಿ’ಗೆ ಆ ಆಕರ್ಷಣೆಯಿಲ್ಲ.

ಪದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ಕ್ರಿಯಾರೂಪ. ನೇರ ನಿಷೇಧವು ಸ್ವಾತಂತ್ರ್ಯಕ್ಕೆ ಬಂದ ಬೆದರಿಕೆಯಂತೆ ತೋರಿ ಪ್ರತಿರೋಧ ಹುಟ್ಟಿಸುತ್ತದೆ ಎಂದು ಜ್ಯಾಕ್ ಬ್ರೆಮ್ 1966ರಲ್ಲೇ ವಿವರಿಸಿದ್ದರು. ಇದೇ ಚಟದ ಸಂದೇಶಗಳನ್ನು ಅಭ್ಯಸಿಸಿದ ವಿಲಿಯಂ ಕ್ರೇನೊ ಮತ್ತು ಸಂಗಡಿಗರು ಕಿರಿಯ ಹರೆಯದವರನ್ನು ಮೂರಾಗಿ ವಿಂಗಡಿಸುತ್ತಾರೆ: ದೃಢವಾಗಿ ದೂರವಿರುವವರು, ದೂರವಿದ್ದರೂ ಮನಸ್ಸು ಗಟ್ಟಿಯಿಲ್ಲದವರು, ಬಳಸುವವರು. ‘ಬೇಡಿ’ ಎಂಬುದು ಮೊದಲನೆಯವರಿಗೆ ಅನಗತ್ಯ, ಮೂರನೆಯವರಿಗೆ ಕೇಳಿ ಹಳತಾದದ್ದು. ಸಂದೇಶ ಮುಟ್ಟಬೇಕಾದದ್ದು ನಡುವಿನವರನ್ನು. ಅವರು ಗೆಳೆಯರು ಮೂಸುವುದನ್ನು ಕಂಡಿದ್ದಾರೆ. ಆ ಗೆಳೆಯರು ಮರುದಿನವೂ ಶಾಲೆಗೆ ಬಂದದ್ದನ್ನೂ ಕಂಡಿದ್ದಾರೆ. ಹೀಗಾಗಿ ‘ಸಾವು ಖಚಿತ’ ಅವರ ಕಣ್ಣೆದುರೇ ಸುಳ್ಳಾಗಿರುವ ವಾಕ್ಯ. ಸತ್ಯ ಅದಕ್ಕಿಂತ ಭೀಕರ: ಸಾವು ಖಚಿತವಲ್ಲ, ಆದರೆ ಮೊದಲ ಸಲವೇ ಬರಬಹುದು. ಮಿಲ್ಲಾರ್ಡ್ ಬಾಸ್ 1970ರಲ್ಲಿ ಇಂತಹ 110 ಹಠಾತ್ ಸಾವುಗಳನ್ನು ವರದಿ ಮಾಡಿದ್ದರು. ಆವಿಯ ಪ್ರಭಾವದಲ್ಲಿರುವ ಹೃದಯ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸಿ ಲಯ ತಪ್ಪುತ್ತದೆ. ಬೆಚ್ಚುವುದು, ಓಡುವುದು ಅದಕ್ಕೆ ಸಾಕು. ಆದ್ದರಿಂದ ಮೂಸುತ್ತಿರುವ ಹುಡುಗನನ್ನು ಕಂಡ ಮೇಷ್ಟ್ರು ‘ಏಯ್!’ ಎಂದು ಅಬ್ಬರಿಸಿ ಅಟ್ಟಿಸಿಕೊಂಡು ಹೋದರೆ ಆ ಗದರಿಕೆಯೇ ಅಪಾಯವಾದೀತು. ಮಾತು ಇಷ್ಟು ನೇರವಾಗಿ ದೇಹಕ್ಕೆ ತಗಲುವ ಸಂದರ್ಭ ಭಾಷಾವಿಜ್ಞಾನದಲ್ಲಿ ಅಪರೂಪ.

ಖಚಿತವಲ್ಲದ, ಆದರೂ ಅಂಜಬೇಕಾದ ಕೆಡುಕನ್ನು ಹೇಳಲು ಕನ್ನಡದಲ್ಲಿ ಸಿದ್ಧರೂಪವೊಂದಿದೆ. ಶಾಲಾ ವ್ಯಾಕರಣ ಅದನ್ನು ಸಂಭಾವನಾರ್ಥಕ ಎನ್ನುತ್ತದೆ. ‘ಮಳೆ ಬಂದೀತು’ ಎಂಬಂಥ ಪ್ರಥಮ ಪುರುಷದ ಉದಾಹರಣೆ ಕೊಟ್ಟು ಮುಂದೆ ಹೋಗುತ್ತದೆ. ಮಧ್ಯಮ ಪುರುಷದಲ್ಲಿ ಅದರ ಕೆಲಸವೇ ಬೇರೆ. ‘ಬಿದ್ದೀಯ ಕಣೋ, ಜೋಕೆ’ ಎನ್ನುವ ತಾಯಿ ಊಹೆ ಮಾಡುತ್ತಿಲ್ಲ, ಆಜ್ಞೆಯನ್ನೂ ಕೊಡುತ್ತಿಲ್ಲ. ಮರ ಹತ್ತುವುದನ್ನು ಮಗನಿಗೇ ಬಿಟ್ಟು, ಬೀಳುವುದನ್ನು ಮಾತ್ರ ಅವನ ಮುಂದಿಡುತ್ತಾಳೆ. ಕರ್ತೃವಿನ ಹಿಡಿತದಲ್ಲಿರುವ ಕ್ರಿಯೆಗೆ ಇದೇ ರೂಪ ಸೇರಿದಾಗ, ‘ಮುಟ್ಟಿಗಿಟ್ಟೀಯ’ ಎಂಬಲ್ಲಿಯಂತೆ, ಅದು ನಿಷೇಧದತ್ತ ವಾಲುತ್ತದೆ. ಲಿಕ್ಟೆನ್‌ಬೆರ್ಕ್ 1995ರಲ್ಲಿ ಸಾಲೊಮನ್ ದ್ವೀಪಗಳ ತೊಆಬಾಇತಾ ಭಾಷೆಯನ್ನು ಆಧರಿಸಿ ವಿವರಿಸಿದ ಆತಂಕಸೂಚಕ ಕ್ರಿಯಾರ್ಥಕ್ಕೆ ಇದು ಹತ್ತಿರವಾದದ್ದು: ಸಂಭವನೀಯ ಮತ್ತು ಅನಪೇಕ್ಷಿತ, ಎರಡನ್ನೂ ಒಂದೇ ರೂಪ ಹೊರುತ್ತದೆ. ‘ಒಂದೇ ಸಲಕ್ಕೆ ಎದೆ ನಿಂತೀತು’ ಎಂಬ ವಾಕ್ಯವು ‘ಸಾವು ಖಚಿತ’ಕ್ಕಿಂತ ಸೌಮ್ಯವಾಗಿ ಕಂಡರೂ ವೈದ್ಯಕೀಯವಾಗಿ ಹೆಚ್ಚು ನಿಜ. ಮರುದಿನ ಶಾಲೆಗೆ ಬಂದ ಗೆಳೆಯ ಅದನ್ನು ಸುಳ್ಳಾಗಿಸಲಾರ.

ಆಜ್ಞೆಯಿಲ್ಲದೆ ಮನವೊಲಿಸುವುದು ಕರ್ನಾಟಕಕ್ಕೆ ಹೊಸತೇನಲ್ಲ. ಆಗಸ್ಟ್ 1ರ ಆಚರಣೆ ಯಾರ ನೆನಪಿನದೋ ಆ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅಲ್ಲಿ ಕೇಳುಗನು ದಾನಿಯ ಸ್ಥಾನದಲ್ಲಿರುತ್ತಾನೆ. ಅವರ ಹೆಸರಿನ ದಿನದಂದೇ ಮಕ್ಕಳಿಂದ ‘ಸೇವಿಸುವುದಿಲ್ಲ’ ಎಂದು ಸಾಮೂಹಿಕವಾಗಿ ಹೇಳಿಸುವುದು ವಿಪರ್ಯಾಸವೆಂದೇ ನಾವು ಭಾವಿಸುತ್ತೇವೆ. ಆದರೆ ಭಿಕ್ಷೆ ಬೇಡುವ ಮಾದರಿ ಚಟ ಇರುವವರಿಗೆ ಹೊಂದುತ್ತದೆ. ಕೊಡಲು ಇನ್ನೂ ಏನೂ ಇಲ್ಲದ ಹನ್ನೆರಡರ ಹುಡುಗನಿಗೆ ತಾಯಿಯ ರೂಪವೇ ಸರಿ.

ಈ ರೂಪವನ್ನು ಹಾಗೆಯೇ ಗೋಡೆಗೆ ಏರಿಸಲೂ ಬರುವುದಿಲ್ಲ. ‘ಬಿದ್ದೀಯ’ದ ಎಚ್ಚರಿಕೆ ಬಹುಪಾಲು ಸ್ವರದ ಏರಿಳಿತದಲ್ಲಿದೆ, ಬರಹದಲ್ಲಿ ಅದನ್ನು ‘ಬಿದ್ದಿದ್ದೀಯ’ದ ಸಂಕ್ಷಿಪ್ತ ರೂಪವೆಂದೋ ಪ್ರಶ್ನೆಯೆಂದೋ ಓದಲು ಸಾಧ್ಯ. ಈ ತಾಲ್ಲೂಕುಗಳಲ್ಲಿ ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡಿ ಕನ್ನಡವನ್ನು ಶಾಲೆಯಲ್ಲಿ ಕಲಿಯುವ ಮಕ್ಕಳೂ ಇದ್ದಾರೆ. ತಾಯಿಯ ಬಾಯಿಂದ ಈ ರೂಪವನ್ನು ಕೇಳದ ಅವರಿಗೆ ಅದು ಪಠ್ಯದ ಊಹೆಯಷ್ಟೇ ಆಗಿ ಉಳಿಯಬಹುದು. ಮುದ್ರಿತ ಮತ್ತು ನುಡಿದ ಸಂದೇಶಗಳನ್ನು ಬೇರೆಬೇರೆಯಾಗಿ, ಎರಡೂ ಬಗೆಯ ಮಕ್ಕಳೆದುರು, ಪ್ರಥಮ ಪುರುಷದ ‘ನಿಂತೀತು’ ಮತ್ತು ಮಧ್ಯಮ ಪುರುಷದ ‘ಸತ್ತೀಯ’ ಎರಡರಲ್ಲೂ ಪರೀಕ್ಷಿಸಬೇಕಾಗಿದೆ. ‘ಸತ್ತೀಯ’ ಬೈಗುಳವಾಗಿ ಕೇಳಿಸುವ ಸಂಭವವೇ ಹೆಚ್ಚೆಂದು ನಮ್ಮ ಎಣಿಕೆ.